ಮನೆಯೊಳಗೆ ಮಗುವಿಗೊಂದು ಕೆಲಸ

ಮೂರು ನಾಲ್ಕು ವರ್ಷದ ಮಗು ಅಡಿಗೆಮನೆಯ ಹೊಸಿಲಲ್ಲಿ ನಿಂತು "ನಾನೂ ಮಾಡ್ತೀನಿ" ಎನ್ನುವುದನ್ನು ಕೇಳದ ತಾಯಿತಂದೆಗಳಿಲ್ಲ. ಹೂ ಕಟ್ಟಲು ಕುಳಿತರೆ ಅದಕ್ಕೂ ಒಂದು ದಾರ ಬೇಕು. ಅಂಗಳ ಗುಡಿಸಲು ಹೊರಟರೆ ಪೊರಕೆ ಅದರ ಕೈಗೇ ಬೇಕು. ಆಗ ನಮ್ಮಲ್ಲಿ ಹೆಚ್ಚಿನವರು ಕೊಡುವ ಉತ್ತರ ಒಂದೇ: "ನಿನಗೆ ಬರೋದಿಲ್ಲ, ಆ ಕಡೆ ಹೋಗಿ ಆಡಿಕೋ." ಮಗುವಿಗೆ ಹನ್ನೆರಡು ತುಂಬಿದಾಗ ಅದೇ ತಂದೆತಾಯಿಗಳು ಶಾಲೆಗೆ ಬಂದು ಹೇಳುವ ಮಾತು ಬೇರೆ: "ಮನೆಯಲ್ಲಿ ಇಲ್ಲಿಯ ಕಡ್ಡಿ ಎತ್ತಿ ಅಲ್ಲಿ ಇಡುವುದಿಲ್ಲ, ನೀವಾದರೂ ಸ್ವಲ್ಪ ಬುದ್ಧಿ ಹೇಳಿ." ಈ ಎರಡು ಮಾತುಗಳ ನಡುವಣ ಸಂಬಂಧವನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಎಳೆಯ ಮಗುವಿಗೆ ಆಟ ಬೇರೆ, ಕೆಲಸ ಬೇರೆ ಎಂಬ ಭೇದವಿಲ್ಲ. ಇದನ್ನು ಚೆನ್ನಾಗಿ ಅರಿತವರು ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿ. 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಅವರು ತೆರೆದ ಮಕ್ಕಳ ಮನೆಯಲ್ಲಿ ಗುಂಡಿ ಹಾಕುವುದು, ನೀರು ಬಗ್ಗಿಸುವುದು, ಮೇಜು ಒರಸುವುದು ಕೂಡ ಶಿಕ್ಷಣದ ಭಾಗವಾದುವು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. 1939ರಲ್ಲಿ ಮಾಂಟೆಸೊರಿಯವರೇ ಭಾರತಕ್ಕೆ ಬಂದು ಮದರಾಸಿನ ಅಡೆಯಾರಿನಲ್ಲಿ ಉಪಾಧ್ಯಾಯರಿಗೆ ತರಬೇತು ಕೊಟ್ಟರು. ಇಂಥವರು ಶಾಲೆಯೊಳಕ್ಕೆ ಮನೆಯನ್ನು ತಂದರು. ಮನೆ ನಮ್ಮಲ್ಲಿ ಇದ್ದೇ ಇದೆ. ಮಗುವಿಗೆ ಅದರೊಳಗೆ ಒಂದು ಪಾಲು ಕೊಡಬೇಕು, ಅಷ್ಟೆ.

ಇಷ್ಟಕ್ಕೆ ಯೋಜನೆ ಏಕೆ ಎಂದು ಕೇಳಬಹುದು. ದೊಡ್ಡವರು ಐದು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಮಗು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಬಸ್ಸು ಹಿಡಿಯುವ ಬೆಳಗಿನ ಅವಸರದಲ್ಲಿ ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಮೊಬೈಲ್ ಫೋನನ್ನು ಕೈಗೆ ಕೊಟ್ಟರೆ ಮಗು ಸುಮ್ಮನಾಗುತ್ತದೆ, ನಮ್ಮ ಕೆಲಸವೂ ಸಾಗುತ್ತದೆ. ಆದ್ದರಿಂದ ಯೋಜನೆ ಮಗುವಿಗಾಗಿ ಅಲ್ಲ, ನಮಗಾಗಿ. ವಾರದಲ್ಲಿ ಇಂಥ ದಿನ, ಇಂಥ ಹೊತ್ತು, ಇಂಥ ಕೆಲಸ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಆ ಅರ್ಧ ಗಂಟೆ ನಮಗೆ ಹೊರೆಯಾಗುವುದಿಲ್ಲ. ಮಗುವಾದರೋ ಹಿಂದಿನ ದಿನದಿಂದಲೇ ಅದಕ್ಕಾಗಿ ಕಾಯತೊಡಗುತ್ತದೆ. ಕಾದದ್ದು ನೆನಪಿನಲ್ಲಿ ಉಳಿಯುತ್ತದೆ; ದಾರಿಯಲ್ಲಿ ಸಿಕ್ಕಿದ್ದು ದಾರಿಯಲ್ಲೇ ಹೋಗುತ್ತದೆ.

ಒಂದೆರಡು ಉದಾಹರಣೆ ನೋಡೋಣ. ಶುಕ್ರವಾರ ಸಂಜೆ ಮನೆಗೆ ಹೂ ಬರುತ್ತದೆ. ನಾಲ್ಕು ವರ್ಷದ ಮಗುವಿಗೆ ಹೂ ಕಟ್ಟಲು ಬಾರದು. ಮಲ್ಲಿಗೆ ಒಂದು ಕಡೆ, ಕನಕಾಂಬರ ಒಂದು ಕಡೆ, ಮರುಗ ಒಂದು ಕಡೆ ಎಂದು ಬೇರೆ ಮಾಡಬಲ್ಲದು. ಎರಡೆರಡು ಹೂವನ್ನು ಜೋಡಿಸಿ ತಾಯಿಯ ಕೈಗೆ ಕೊಡಬಲ್ಲದು. ಹೀಗೆ ಕೊಡುತ್ತ ಎರಡು, ನಾಲ್ಕು, ಆರು ಎಂಬ ಎಣಿಕೆ ಅದಕ್ಕೆ ತಾನಾಗಿಯೇ ಬರುತ್ತದೆ. ಆರು ತುಂಬಿದ ಮೇಲೆ ಮೊಂಡು ಸೂಜಿಯಿಂದ ಸೇವಂತಿಗೆ ಪೋಣಿಸಲಿ.

ಶುಕ್ರವಾರ ರಾತ್ರಿಯೇ ಒಂದು ಹಿಡಿ ಹೆಸರುಕಾಳನ್ನು ಮಗುವೇ ಅಳೆದು ನೆನೆಹಾಕಲಿ. ಶನಿವಾರ ಬೆಳಗ್ಗೆ ಅದನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಭಾನುವಾರ ಬಿಚ್ಚುವ ಹೊತ್ತಿಗೆ ಬಿಳಿಯ ಮೊಳಕೆ. ಮುಕ್ಕಾಲು ಪಾಲು ಉಸಲಿಗೆ. ನಾಲ್ಕು ಕಾಳು ಮಣ್ಣು ತುಂಬಿದ ತೆಂಗಿನ ಕರಟಕ್ಕೆ. ಮುಂದಿನ ವಾರ ಕಾಳು ಎರಡು ಹೋಳಾಗಿ ಮಣ್ಣಿನ ಮೇಲೆದ್ದು, ನಡುವೆ ಎಲೆ ಬಿಡಿಸುವುದನ್ನು ಮಗು ತಾನೇ ಕಂಡು ಎಲ್ಲರನ್ನೂ ಕರೆದು ತೋರಿಸುತ್ತದೆ.

ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಮೈಸೂರು ಸೀಮೆಯಲ್ಲಿ ಅವರೆಕಾಯಿಯ ಕಾಲ. ಸೊಗಡಿನ ಕಾಯಿಯನ್ನು ನಡುಮನೆಯಲ್ಲಿ ಸುರಿದು ಸುತ್ತ ಕುಳಿತರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರಿಗೂ ಕೈತುಂಬ ಕೆಲಸ. ಕಾಯಿ ಸುಲಿದು, ಕಾಳು ನೆನೆಸಿ, ಬೆರಳಲ್ಲಿ ಹಿದುಕಿದರೆ ಬೇಳೆ ಪುಟಕ್ಕನೆ ಜಾರಿ ಬೀಳುತ್ತದೆ. ಇದಕ್ಕಿಂತ ಒಳ್ಳೆಯ ಆಟಿಕೆಯನ್ನು ಯಾವ ಅಂಗಡಿಯವನೂ ಮಾರಲಾರ. ಕೆಲಸ ಮುಗಿದ ಮೇಲೆ ಅದೇ ನೆಲದಲ್ಲಿ ಸೀಮೆಸುಣ್ಣದಿಂದ ಐದೈದು ಮನೆಯ ಚೌಕಾಬಾರ ಬರೆಯಬಹುದು. ನಾಲ್ಕು ಕವಡೆ ಇದ್ದರೆ ಸಾಕು. ಎಣಿಕೆಯ ಜೊತೆಗೆ ಸೋಲುವುದನ್ನೂ ಮಗು ಕಲಿಯುತ್ತದೆ.

ಕನ್ನಡ ಪಾಠ ಹೇಳುವವನಾದ್ದರಿಂದ ಇನ್ನೊಂದು ಮಾತು ಹೇಳಬೇಕು. ಕಾಯಿ ಸುಲಿಯುವುದು, ಸೊಪ್ಪು ಸೋಸುವುದು, ಬೆಳ್ಳುಳ್ಳಿ ಬಿಡಿಸುವುದು, ಅಕ್ಕಿ ಕೇರುವುದು, ಕಲ್ಲು ಆರಿಸುವುದು, ಹಿಟ್ಟು ಜರಡಿ ಹಿಡಿಯುವುದು, ತರಕಾರಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು—ಒಂದೊಂದು ಕೆಲಸಕ್ಕೂ ನಮ್ಮ ಭಾಷೆಯಲ್ಲಿ ಒಂದೊಂದು ಕ್ರಿಯಾಪದವಿದೆ. ಇಂದಿನ ಮಕ್ಕಳ ಬಾಯಲ್ಲಿ ಪೀಲ್ ಮಾಡು, ಕ್ಲೀನ್ ಮಾಡು, ಕಟ್ ಮಾಡು ಎಂದು ಎಲ್ಲದಕ್ಕೂ ಒಂದೇ 'ಮಾಡು.' ಇದಕ್ಕೆ ಮಕ್ಕಳನ್ನು ಬೈದು ಫಲವಿಲ್ಲ. ಕೈ ಮಾಡದ ಕೆಲಸದ ಹೆಸರು ನಾಲಗೆಯಲ್ಲಿ ನಿಲ್ಲುವುದಿಲ್ಲ. ಕಾಳು ಯಾವುದು, ಜೊಳ್ಳು ಯಾವುದು ಎಂದು ಪದ್ಯದಲ್ಲಿ ಬಂದಾಗ ಪ್ರೌಢಶಾಲೆಯ ವಿದ್ಯಾರ್ಥಿ ನಿಘಂಟನ್ನು ತೆರೆಯುತ್ತಾನೆ. ಮೊರದ ಮುಂದೆ ಒಮ್ಮೆ ಕುಳಿತು ಹೊಟ್ಟು ಹಾರುವುದನ್ನು ಕಂಡ ಮಗುವಿಗೆ ಆ ಪದ್ಯ ಅರ್ಧ ತಿಳಿದೇ ಇರುತ್ತದೆ.

ಕೆಲವು ಎಚ್ಚರಿಕೆಗಳೂ ಬೇಕು. ಒಲೆ, ಈಳಿಗೆಮಣೆ, ಬಿಸಿನೀರು ಇವುಗಳಿಂದ ಮಗುವನ್ನು ದೂರವಿಡಿ. ತೀರ ಎಳೆಯ ಮಕ್ಕಳು ಕಾಳು, ಕವಡೆಗಳನ್ನು ಬಾಯಿಗೋ ಮೂಗಿಗೋ ಹಾಕಿಕೊಳ್ಳುವುದುಂಟು; ಪಕ್ಕದಲ್ಲಿ ದೊಡ್ಡವರು ಇದ್ದೇ ಇರಬೇಕು. ದಿನಕ್ಕೊಂದು ಹೊಸ ಕೆಲಸ ಹುಡುಕಬೇಡಿ. ಒಂದನ್ನೇ ವಾರವಾರವೂ ಮಾಡಿಸಿ. ಮಗು ಮಡಿಸಿಟ್ಟ ಬಟ್ಟೆಯನ್ನು ಅದರ ಕಣ್ಣೆದುರಿಗೇ ಕೊಡವಿ ಮತ್ತೆ ಮಡಿಸಬೇಡಿ. ಸೊಟ್ಟಗಿದ್ದರೂ ಅದು ಅದರ ಕೈಯ ಕೆಲಸ. ಹೊಗಳಿಕೆಯ ಮಳೆಯೂ ಬೇಡ. "ಇವತ್ತಿನ ಸೊಪ್ಪು ಇವಳು ಸೋಸಿದ್ದು" ಎಂದು ಊಟದ ಹೊತ್ತಿನಲ್ಲಿ ಒಂದು ಮಾತು ಅಂದರೆ ಸಾಕು. ಇದು ಹೆಣ್ಣುಮಕ್ಕಳ ಕೆಲಸ, ತಾಯಿಯೊಬ್ಬಳ ಹೊಣೆ ಎಂದು ಯಾರೂ ಭಾವಿಸಬಾರದು. ತಂದೆ ಮೊರ ಹಿಡಿದು ಕುಳಿತರೆ ಮಗನಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಇದಕ್ಕೆಲ್ಲ ಖರ್ಚಾಗುವುದು ಹಣವಲ್ಲ, ವಾರದಲ್ಲಿ ಒಂದೆರಡು ಗಂಟೆಯ ಹೊತ್ತು. "ನಾನೂ ಮಾಡ್ತೀನಿ" ಎನ್ನುವ ವಯಸ್ಸು ಬಹಳ ವರ್ಷ ಇರುವುದಿಲ್ಲ. ಕೇಳಿ ಕೇಳಿ ಬೇಸತ್ತ ಮಗು ಒಂದು ದಿನ ಕೇಳುವುದನ್ನೇ ಬಿಡುತ್ತದೆ. ಆಮೇಲೆ ನಾವು ಕರೆದರೂ ಬರುವುದಿಲ್ಲ. ಇಂದು ರಾತ್ರಿ ಊಟವಾದ ಮೇಲೆ ಮನೆಮಂದಿ ಕುಳಿತು ಒಂದು ದಿನ, ಒಂದು ಹೊತ್ತು, ಒಂದು ಕೆಲಸವನ್ನು ಗೊತ್ತುಮಾಡಿ. ಯಾವ ಕೆಲಸ ಎಂಬುದನ್ನು ಮಗುವನ್ನೇ ಕೇಳಿ. ಅದಕ್ಕೆ ಉತ್ತರ ಸಿದ್ಧವಾಗಿರುತ್ತದೆ.