ಭಾಷೆಗೊಂದು ಲೋಕ ಬೇಕು

(ಶತಮಾನೋತ್ಸವ ವರ್ಷದ ವಾಚನಾ ದಿನದಂದು, ರಕ್ಷಕರ ಮತ್ತು ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಇಂದು ಜೂನ್ 19. ಕೇರಳದ ಗ್ರಂಥಾಲಯ ಚಳವಳಿಯ ಹಿರಿಯರಾದ ಪಿ.ಎನ್. ಪಣಿಕ್ಕರ್ ಅವರು 1995ರಲ್ಲಿ ಕಾಲವಾದದ್ದು ಇದೇ ದಿನ. ಊರೂರು ಅಲೆದು ವಾಚನಾಲಯಗಳನ್ನು ಕಟ್ಟಿದ ಆ ಶಿಕ್ಷಕರ ನೆನಪಿಗಾಗಿ ಈ ದಿನವನ್ನು ನಾಡಿನ ಶಾಲೆಗಳೆಲ್ಲ ವಾಚನಾ ದಿನವಾಗಿ ಆಚರಿಸುತ್ತವೆ. ಕಾಸರಗೋಡಿನ ಕನ್ನಡ ಶಾಲೆಗಳಾದ ನಾವೂ ಆಚರಿಸುತ್ತೇವೆ. ಪ್ರತಿವರ್ಷ ಈ ದಿನ ಓದಿನ ಮಹತ್ವವನ್ನು ಕುರಿತು ಭಾಷಣಗಳಾಗುತ್ತವೆ. ಮರುದಿನ ಪುಸ್ತಕದ ಕಪಾಟಿಗೆ ಬೀಗ ಬೀಳುತ್ತದೆ. ಆದ್ದರಿಂದ ಇಂದು ಓದಿನ ಮಹತ್ವವನ್ನು ವರ್ಣಿಸುವ ಬದಲು, ಓದಿಸುವ ಕೆಲಸದಲ್ಲಿ ನಾವು ಮಾಡಿದ ಒಂದು ತಪ್ಪನ್ನೂ ಅದರಿಂದ ಕಲಿತದ್ದನ್ನೂ ತಮ್ಮ ಮುಂದೆ ನಿವೇದಿಸಿಕೊಳ್ಳಬೇಕೆಂದಿದ್ದೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಸಮಾಜ ವಿಜ್ಞಾನದ ಪಠ್ಯಪುಸ್ತಕದ ಒಳಗೆ ಇನ್ನೊಂದು ಪುಸ್ತಕವನ್ನು ಇರಿಸಿಕೊಂಡು ಓದುತ್ತಿದ್ದ. ನಾವು ಅದನ್ನು ಕಿತ್ತುಕೊಂಡೆವು. ಅಂಗಡಿಯಲ್ಲಿ ಕೊಂಡ ಪುಸ್ತಕವಲ್ಲ ಅದು. ಹಳೆಯ 'ಚಂದಮಾಮ'ದಲ್ಲಿ ತಿಂಗಳು ತಿಂಗಳು ಬಂದ ಒಂದು ಅದ್ಭುತ ಧಾರಾವಾಹಿಯ ಪುಟಗಳನ್ನು ಬಿಡಿಸಿ, ಒಟ್ಟು ಸೇರಿಸಿ, ದಬ್ಬಣದಿಂದ ಹೊಲಿದು, ಕಂದು ಕಾಗದದ ಹೊದಿಕೆ ಹಾಕಿದ್ದರು. ಹೊಲಿದವರು ಅವನ ಅಜ್ಜ. "ಪರೀಕ್ಷೆ ಮುಗಿದ ಮೇಲೆ ಬಂದು ಕೊಂಡುಹೋಗು" ಎಂದು ಹೇಳಿ ಕಪಾಟಿನಲ್ಲಿ ಇಟ್ಟೆವು. ಮಾರ್ಚ್ ತಿಂಗಳಲ್ಲಿ ನಾವೇ ಕರೆದು ಕೊಡಹೋದಾಗ ಅವನು, "ಇನ್ನು ಬೇಡ ಟೀಚರ್, ಶಾಲೆಯಲ್ಲೇ ಇರಲಿ" ಎಂದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ. ಆ ಬಳಿಕ ಹತ್ತನೆಯ ತರಗತಿ ಮುಗಿಸುವವರೆಗೆ ಅವನು ನಮ್ಮ ಗ್ರಂಥಾಲಯದಿಂದ ಒಂದು ಪುಸ್ತಕವನ್ನೂ ಪಡೆಯಲಿಲ್ಲವೆಂಬುದು ವಿತರಣಾ ಪುಸ್ತಕವನ್ನು ತಿರುವಿದಾಗ ತಿಳಿಯಿತು.

ಆ ಕಪಾಟಿನ ಮುಂದೆ ನಿಂತಾಗ ನಮ್ಮ ಬಾಲ್ಯವೇ ನಮ್ಮನ್ನು ಪ್ರಶ್ನಿಸಿತು. ನಾವೂ ಅದೇ ಪತ್ರಿಕೆಯನ್ನು ಓದಿ ಬೆಳೆದವರು. 'ಚಂದಮಾಮ' 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾಗಿ, 1949ರಲ್ಲಿ ಕನ್ನಡಕ್ಕೆ ಬಂತು. ಬೇತಾಳನ ಕಥೆಗಳಿಗಿಂತಲೂ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದರ ಧಾರಾವಾಹಿಗಳು: ಮಾಂತ್ರಿಕರು, ಪಾಳುಕೋಟೆಗಳು, ಹೆಸರಿಲ್ಲದ ದ್ವೀಪಗಳು, ವಿಚಿತ್ರ ಮೃಗಗಳು. ಅವುಗಳಲ್ಲಿ ಅನೇಕವನ್ನು ಮೂಲ ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ ಎಂಬ ಸಂಗತಿ ನಮಗೆ ತಿಳಿದದ್ದು ಬಹಳ ವರ್ಷಗಳ ಅನಂತರ. ಕಂತು ಮುಗಿದ ಮೇಲೆ ಒಂದು ತಿಂಗಳು ಕಾಯಬೇಕಿತ್ತು. ಆ ತಿಂಗಳೇ ನಿಜವಾದ ಓದಿನ ಕಾಲವಾಗಿತ್ತು. ಅಡಿಕೆ ಹೆಕ್ಕುವಾಗ, ಹಟ್ಟಿಗೆ ಹುಲ್ಲು ಹಾಕುವಾಗ, ಶಾಲೆಯ ದಾರಿಯಲ್ಲಿ ತೋಡು ದಾಟುವಾಗ, ಕಥಾನಾಯಕ ಆ ಗುಹೆಯಿಂದ ಹೇಗೆ ಹೊರಬಂದಾನು ಎಂದು ನಾವೇ ಹತ್ತು ಬಗೆಯಾಗಿ ಕಥೆ ಕಟ್ಟುತ್ತಿದ್ದೆವು. ಕಟ್ಟಿದ್ದು ಕನ್ನಡದಲ್ಲಿ. ಮನೆಯ ಮಾತು ಬೇರೆಯಾಗಿದ್ದವರೂ ಕಟ್ಟಿದ್ದು ಕನ್ನಡದಲ್ಲಿಯೇ. ಹೀಗೆ ಬೆಳೆದವರೇ ಮುಂದೆ ಎಂ.ಎ., ಬಿ.ಎಡ್. ಮಾಡಿ ಮೇಜಿನ ಈ ಬದಿಗೆ ಬಂದು ಕುಳಿತಾಗ, ಮಗುವಿನ ಕೈಯಿಂದ ಅದೇ ಪುಸ್ತಕವನ್ನು ಕಿತ್ತುಕೊಂಡೆವು.

ಅದ್ಭುತ ಕಥೆಯೆಂದರೆ ಹಗುರವಾದದ್ದು, ಕಾಲಹರಣದ್ದು ಎಂಬ ಭಾವನೆ ವಿದ್ಯಾವಂತರಾದ ನಮ್ಮಲ್ಲಿ ಬಲವಾಗಿದೆ. ಆದರೆ 'ಕಾದಂಬರಿ' ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ಏಳನೆಯ ಶತಮಾನದ ಬಾಣಭಟ್ಟನ ಸಂಸ್ಕೃತ ಗದ್ಯಕೃತಿಯ ಹೆಸರದು. ಅದರಲ್ಲಿ ಒಂದು ಗಿಳಿ ರಾಜನಿಗೆ ಕಥೆ ಹೇಳುತ್ತದೆ. ಚಂದ್ರನೇ ರಾಜಕುಮಾರನಾಗಿ ಹುಟ್ಟುತ್ತಾನೆ. ಶಾಪಗಳಿವೆ, ಗಂಧರ್ವರಿದ್ದಾರೆ, ಜನ್ಮಜನ್ಮಾಂತರಗಳ ಕಾಯುವಿಕೆಯಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ನಾಗವರ್ಮನು ಅದನ್ನು 'ಕರ್ಣಾಟಕ ಕಾದಂಬರಿ'ಯೆಂದು ಕನ್ನಡಕ್ಕೆ ತಂದನು. ಅದರ ನಾಯಕಿಯ ಹೆಸರೇ ಮುಂದೆ ನಮ್ಮ ಭಾಷೆಯಲ್ಲಿ ಒಂದು ಸಾಹಿತ್ಯ ಪ್ರಕಾರಕ್ಕೆ ಹೆಸರಾಯಿತು. ಅಂದಮೇಲೆ ಕನ್ನಡದಲ್ಲಿ ಅದ್ಭುತವು ಕಾದಂಬರಿಯ ಮನೆಗೆ ಬಂದ ಅತಿಥಿಯಲ್ಲ, ಆ ಮನೆಗೆ ಹೆಸರಿಟ್ಟ ಹಿರಿಯ.

ಪಶ್ಚಿಮದ ಒಂದು ನಿದರ್ಶನ ನಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರವಾದದ್ದು. ಆಕ್ಸ್‌ಫರ್ಡ್‌ನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಜೆ.ಆರ್.ಆರ್. ಟೋಲ್ಕಿನ್ ಅವರು 1937ರಲ್ಲಿ 'ದಿ ಹಾಬಿಟ್' ಎಂಬ ಕಾದಂಬರಿಯನ್ನೂ, 1954-55ರಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಮಹಾಕೃತಿಯನ್ನು ಮೂರು ಸಂಪುಟಗಳಲ್ಲಿಯೂ ಪ್ರಕಟಿಸಿದರು. ಅವರು ಮೂಲತಃ ಭಾಷಾಶಾಸ್ತ್ರಜ್ಞರು. ಎಳೆಯ ವಯಸ್ಸಿನಿಂದಲೇ ಸ್ವಂತ ಭಾಷೆಗಳನ್ನು, ವ್ಯಾಕರಣಸಹಿತವಾಗಿ, ಕಲ್ಪಿಸುವ ಹವ್ಯಾಸ ಅವರಿಗಿತ್ತು. ತಮ್ಮಲ್ಲಿ ಭಾಷೆ ಮೊದಲು, ಕಥೆ ಅನಂತರ. ಆ ಭಾಷೆಗಳಿಗೆ ಬದುಕಲು ಒಂದು ಲೋಕ ಬೇಕಾದುದರಿಂದಲೇ ಕಥೆಗಳು ಹುಟ್ಟಿದವು ಎಂಬ ಅರ್ಥದ ಮಾತನ್ನು ಅವರೇ ಹೇಳಿದ್ದಾರೆ. ಆಡುವ ಜನ, ಕರೆಯುವ ಹೆಸರುಗಳು, ನಡೆಯುವ ದಾರಿಗಳು ಇಲ್ಲದೆ ಭಾಷೆ ನಿಲ್ಲಲಾರದೆಂಬುದನ್ನು ಅವರು ಅರಿತಿದ್ದರು.

ಬಂಧುಗಳೇ, ಈ ಮಾತು ಗಡಿನಾಡಿನ ಶಾಲೆಯ ಶಿಕ್ಷಕರಾದ ನಮ್ಮ ಎದೆಗೆ ನೇರವಾಗಿ ತಾಗುತ್ತದೆ. ನಮ್ಮ ಶಾಲೆ ಆರಂಭವಾದಾಗ ಈ ಊರು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಅದು ಕೇರಳದ ಭಾಗವಾಯಿತು. ಅಂದಿನಿಂದ ನಮ್ಮ ಮಕ್ಕಳ ಪಾಲಿಗೆ ಕನ್ನಡದ ಲೋಕ ಸ್ವಲ್ಪ ಸ್ವಲ್ಪವಾಗಿ ಕಿರಿದಾಗುತ್ತ ಬಂದಿದೆ. ಕಚೇರಿಯ ಕಾಗದ ಮಲಯಾಳದಲ್ಲಿ, ಉದ್ಯೋಗದ ಆಸೆ ಇಂಗ್ಲಿಷಿನಲ್ಲಿ, ಮನೆಯ ಮಾತು ತುಳುವಿನಲ್ಲೋ ಕೊಂಕಣಿಯಲ್ಲೋ ಮರಾಟಿಯಲ್ಲೋ ಮಲಯಾಳದಲ್ಲೋ. ಈ ಭಾಷೆಗಳ ಮೇಲೆ ನಮಗೆ ದೂರಿಲ್ಲ. ಒಂದೇ ಹಣ್ಣನ್ನು ಹಲಸು, ಪೆಲಕಾಯಿ, ಚಕ್ಕ ಎಂದು ಮೂರು ಬಗೆಯಲ್ಲಿ ಕರೆಯಬಲ್ಲ ಮಗು ಭಾಗ್ಯವಂತ ಮಗು. ಆದರೆ ಕನ್ನಡಕ್ಕೆ ಉಳಿದಿರುವ ಜಾಗ ಯಾವುದು? ಪ್ರಶ್ನೋತ್ತರ ಮತ್ತು ಅಂಕಪಟ್ಟಿ ಮಾತ್ರವಾದರೆ, ಪರೀಕ್ಷೆ ಮುಗಿದ ದಿನ ಆ ಭಾಷೆಯೂ ಮುಗಿಯುತ್ತದೆ. ಮಗು ಕನ್ನಡದಲ್ಲಿ ಹೆದರಬೇಕು, ನಗಬೇಕು, ಕಾಯಬೇಕು, ಕನಸು ಕಾಣಬೇಕು. ಅಂಥ ಒಂದು ಲೋಕವನ್ನು ಹೊರಗೆ ಕಟ್ಟಿಕೊಡುವ ಶಕ್ತಿ ನಮಗಿಲ್ಲ. ಒಳ್ಳೆಯ ಅದ್ಭುತ ಕಾದಂಬರಿಯು ಅದನ್ನು ಪುಟಗಳ ನಡುವೆ ಕಟ್ಟಿಕೊಡುತ್ತದೆ.

ಈ ತಿಳಿವಳಿಕೆಯಿಂದ ನಾವು 'ತಿಂಗಳಿಗೊಂದು ಪುಸ್ತಕ' ಎಂಬ ಕ್ರಮವನ್ನು ಆರಂಭಿಸಿದೆವು. ಅದರಲ್ಲಿಯೂ ಮೊದಲು ಎಡವಿದೆವು. ಪುಸ್ತಕ ಓದಿದ ಮಗು ಲೇಖಕರ ಪರಿಚಯ, ಕಥಾಸಾರಾಂಶ, ಕಥೆಯ ನೀತಿ ಇವನ್ನೆಲ್ಲ ಎರಡು ಪುಟ ಬರೆದು ತರಬೇಕೆಂದು ವಿಧಿಸಿದೆವು. ಮೂರನೆಯ ತಿಂಗಳಿಗೆ ಮಕ್ಕಳು ಅತ್ಯಂತ ತೆಳುವಾದ ಪುಸ್ತಕಗಳನ್ನೇ ಹುಡುಕತೊಡಗಿದರು. ಸಾರಾಂಶಗಳು ಒಂದರ ನಕಲು ಇನ್ನೊಂದಾದವು. ಮರುವರ್ಷ ಎಲ್ಲವನ್ನೂ ಕೈಬಿಟ್ಟು ಎರಡೇ ನಿಯಮಗಳನ್ನು ಇಟ್ಟುಕೊಂಡೆವು. ಪುಸ್ತಕವನ್ನು ಮಗುವೇ ಆರಿಸಬೇಕು. ತಿಂಗಳ ಮೊದಲ ಶುಕ್ರವಾರ, ಇಷ್ಟವಿದ್ದವರು ಎದ್ದು ನಿಂತು ಕಥೆಯನ್ನು ಅರ್ಧ ಮಾತ್ರ ಹೇಳಬೇಕು. ಉಳಿದರ್ಧಕ್ಕಾಗಿ ಗೆಳೆಯರು ಆ ಪುಸ್ತಕವನ್ನು ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಬಾಲ್ಯದ ಆ ಒಂದು ತಿಂಗಳ ಕಾಯುವಿಕೆ ಹೀಗೆ ತರಗತಿಗೆ ಹಿಂದಿರುಗಿತು.

ಮಗುವಿಗೆ ಆರಿಸಲು ಬಂದೀತೇ ಎಂಬ ಸಂಶಯ ಬೇಡ. 'ದಿ ಹಾಬಿಟ್' ಹಸ್ತಪ್ರತಿಯನ್ನು ಅದರ ಪ್ರಕಾಶಕರು ತಮ್ಮ ಹತ್ತು ವರ್ಷದ ಮಗನ ಕೈಗೆ ಕೊಟ್ಟು ಅಭಿಪ್ರಾಯ ಕೇಳಿದ್ದರು. ಮೆಚ್ಚಿ ಬರೆದ ಆ ಪುಟ್ಟ ವರದಿಗೆ ಬಾಲಕನಿಗೆ ದೊರೆತ ಸಂಭಾವನೆ ಒಂದು ಶಿಲ್ಲಿಂಗ್.

ರಕ್ಷಕರು ನಮ್ಮಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದ್ದಾರೆ. ಅವು ನ್ಯಾಯವಾದ ಪ್ರಶ್ನೆಗಳೇ ಆಗಿವೆ.

ಮೊದಲನೆಯದು: ಮಾಯ-ಮಂತ್ರದ ಕಥೆ ಓದಿ ಮಗು ಮೂಢನಂಬಿಕೆ ಕಲಿಯದೇ? ನಮ್ಮ ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ. ಬಯಲಾಟದಲ್ಲಿ ರಾವಣನಾಗಿ ಅಬ್ಬರಿಸುವವರು ಪಕ್ಕದ ಮನೆಯ ಮಾವನೆಂದು ಇಲ್ಲಿನ ಮಗುವಿಗೆ ಗೊತ್ತು. ಗೊತ್ತಿದ್ದೂ ಹೆದರುತ್ತದೆ, ಬೆಳಗ್ಗೆ ಅದೇ ಮಾವನೊಂದಿಗೆ ಮಾತಾಡುತ್ತದೆ. ಕಲ್ಪನೆಯ ಗೆರೆಯನ್ನು ಮಕ್ಕಳು ನಮಗಿಂತ ಚೆನ್ನಾಗಿ ಬಲ್ಲರು. ಅಲ್ಲದೆ, ಒಳ್ಳೆಯ ಕಾದಂಬರಿಯಲ್ಲಿ ಮಾಯೆಗೂ ಬೆಲೆ ತೆರಬೇಕು. ಟೋಲ್ಕಿನ್ನರ ಉಂಗುರ ಧರಿಸಿದವನನ್ನು ಅದೃಶ್ಯಗೊಳಿಸುತ್ತದೆ, ಮೆಲ್ಲಮೆಲ್ಲನೆ ಅವನ ಮನಸ್ಸನ್ನೂ ತಿನ್ನುತ್ತದೆ. ಅಧಿಕಾರದ ಅಪಾಯವನ್ನು ಹದಿಮೂರರ ಮಗುವಿಗೆ ಇದಕ್ಕಿಂತ ಸ್ಪಷ್ಟವಾಗಿ ತಿಳಿಸುವುದು ಕಷ್ಟ.

ಎರಡನೆಯದು: ಎಸ್.ಎಸ್.ಎಲ್.ಸಿ.ಗೆ ಇದರಿಂದೇನು ಪ್ರಯೋಜನ? ಅಂಕ ಹೆಚ್ಚುತ್ತದೆಂಬ ಆಶ್ವಾಸನೆಯನ್ನು ನಾವು ಕೊಡಲಾರೆವು. ಆದರೆ ಇನ್ನೂರು ಪುಟಗಳ ಕಥೆಯನ್ನು ತಾನಾಗಿ ಓದಿ ಮುಗಿಸಿದ ಮಗುವಿಗೆ ಎರಡು ಪುಟದ ಪಾಠ ಬೆದರಿಕೆಯಾಗಿ ಕಾಣುವುದಿಲ್ಲ. 1888ರಲ್ಲಿ ದೇವಕೀನಂದನ ಖತ್ರಿಯವರ 'ಚಂದ್ರಕಾಂತಾ' ಎಂಬ ಅದ್ಭುತ ಕಾದಂಬರಿ ಹೊರಬಂದಾಗ, ಅದನ್ನು ಓದುವುದಕ್ಕೆಂದೇ ಅನೇಕರು ಹಿಂದಿ ಕಲಿತರೆಂದು ಸಾಹಿತ್ಯ ಚರಿತ್ರಕಾರರು ಹೇಳುತ್ತಾರೆ. ಕಲಿಯಬೇಕೆಂಬ ಒತ್ತಾಯಕ್ಕಿಂತ, ಮುಂದೇನಾಯಿತೆಂಬ ಕುತೂಹಲ ದೊಡ್ಡ ಗುರು.

ಮೂರನೆಯದು: ಕನ್ನಡದಲ್ಲಿ ಅಂಥ ಪುಸ್ತಕಗಳಿವೆಯೇ? ಎಷ್ಟು ಬೇಕೋ ಅಷ್ಟಿಲ್ಲವೆಂಬುದನ್ನು ಒಪ್ಪುತ್ತೇವೆ, ಇಂಗ್ಲಿಷಿನಲ್ಲಿ 'ಹ್ಯಾರಿ ಪಾಟರ್' ಓದಿದ ಹುಡುಗಿಯೊಬ್ಬಳು "ಇಂಥದ್ದು ನಮ್ಮಲ್ಲಿ ಇನ್ನೆಷ್ಟಿದೆ ಟೀಚರ್?" ಎಂದಾಗ ನಾವು ತಡವರಿಸಿದ್ದುಂಟು. ಆದರೆ ಇರುವುದನ್ನಾದರೂ ಅವಳ ಕೈಗಿಡಬಹುದಲ್ಲವೇ? ಲೂಯಿ ಕ್ಯಾರೊಲ್‌ರ ಆಲಿಸ್ ಕಥೆಯನ್ನು ನಾ. ಕಸ್ತೂರಿಯವರು 'ಪಾತಾಳದಲ್ಲಿ ಪಾಪಚ್ಚಿ'ಯಾಗಿ ಕನ್ನಡಿಸಿದ್ದಾರೆ. ಕಸ್ತೂರಿಯವರು ಹುಟ್ಟಿದ್ದು ಕೇರಳದ ತೃಪ್ಪೂಣಿತ್ತುರದಲ್ಲಿ, ಮನೆಮಾತು ಮಲಯಾಳ. ಮನೆಮಾತು ಬೇರೆಯಾದವರೂ ಕನ್ನಡದಲ್ಲಿ ಎಂಥ ನಗೆಯನ್ನು ಸೃಷ್ಟಿಸಬಲ್ಲರೆಂಬುದಕ್ಕೆ ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಮಾಯೆಯ ಕಥೆಯಲ್ಲ. ಆದರೂ ಹಾರುವ ಓತಿಯನ್ನು ಅರಸುತ್ತ ಕಾಡಿಗೆ ನಡೆದ ಆ ತಂಡದೊಂದಿಗೆ ಮಗು ನಿಜದ ವಿಸ್ಮಯಕ್ಕೆ ದಾಟುತ್ತದೆ. ಅದ್ಭುತವನ್ನೇ ಸದಾ ಓದಬೇಕೆಂದು ನಮ್ಮ ವಾದವಲ್ಲ. ಒಂದು ತಿಂಗಳು ಮಾಂತ್ರಿಕನ ಜೊತೆ ನಡೆದ ಮಗು ಮುಂದಿನ ತಿಂಗಳು ಶಿವರಾಮ ಕಾರಂತರ ಜೊತೆ ನಡೆಯಲಿ.

ಇನ್ನು ತಮ್ಮಲ್ಲಿ ಒಂದು ಕೋರಿಕೆ. ನಂದಳಿಕೆಯ ಕವಿ ಮುದ್ದಣನ 'ಶ್ರೀರಾಮಾಶ್ವಮೇಧ'ದಲ್ಲಿ ಮಳೆಗಾಲದ ಹೊತ್ತು ಕಳೆಯಲು ಮುದ್ದಣ ಮಡದಿ ಮನೋರಮೆಗೆ ಕಥೆ ಹೇಳುತ್ತಾನೆ. ಅವಳು ಸುಮ್ಮನೆ ಕೇಳುವುದಿಲ್ಲ; ತಡೆಯುತ್ತಾಳೆ, ಹಾಸ್ಯ ಮಾಡುತ್ತಾಳೆ, ತಿಳಿಯದ ಮಾತಿಗೆ ಅರ್ಥ ಕೇಳುತ್ತಾಳೆ. ಓದಿನ ಮನೆ ಹಾಗಿರಬೇಕು. ಈಗಲೂ ಹೊರಗೆ ಮಳೆ ಸುರಿಯುತ್ತಿದೆ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ, ಟಿ.ವಿ. ಮತ್ತು ಮೊಬೈಲುಗಳನ್ನು ಬದಿಗಿರಿಸಿ ಮಗುವಿನ ಬಳಿ ಕುಳಿತುಕೊಳ್ಳಿ. ತಮಗೆ ಕನ್ನಡ ಓದಲು ಬಾರದಿದ್ದರೆ ಮಗು ಓದಲಿ, ತಾವು ಮನೋರಮೆಯಾಗಿ. ನೀತಿಯನ್ನು ಕೇಳಬೇಡಿ; "ಮತ್ತೆ ಏನಾಯಿತು?" ಎಂದು ಕೇಳಿ. ಹಳೆ ವಿದ್ಯಾರ್ಥಿಗಳಲ್ಲಿಯೂ ಒಂದು ಮಾತು: ಶತಮಾನೋತ್ಸವಕ್ಕೆ ಕಾಣಿಕೆ ಕೊಡಬಯಸುವವರು ತಾವು ಎಳೆವೆಯಲ್ಲಿ ಪಠ್ಯದೊಳಗೆ ಅಡಗಿಸಿಟ್ಟು ಓದಿದ ಒಂದು ಪುಸ್ತಕವನ್ನು ನಮ್ಮ ಗ್ರಂಥಾಲಯಕ್ಕೆ ಕೊಡಿ. ಈ ಬಾರಿ ಅದನ್ನು ಬೀಗದೊಳಗೆ ಇಡುವುದಿಲ್ಲ.

ಆ ಅಜ್ಜ ಹೊಲಿದ ಪುಸ್ತಕ ಈಗ ಗ್ರಂಥಾಲಯದ ಕೆಳಗಿನ ಅಂಕಣದಲ್ಲಿ, ಮಕ್ಕಳ ಕೈಗೆ ಎಟುಕುವಲ್ಲಿ ಇದೆ. ಓದಿ ಓದಿ ದಾರ ಸಡಿಲವಾಗಿ ಎರಡು ಬಾರಿ ಮತ್ತೆ ಹೊಲಿಸಿದ್ದೇವೆ. ಅದನ್ನು ನಮ್ಮಲ್ಲಿ ಬಿಟ್ಟುಹೋದ ಹುಡುಗ ಈ ಸಭೆಯಲ್ಲಿದ್ದಾನೋ ಇಲ್ಲವೋ ತಿಳಿಯದು. ಇದ್ದರೆ, ಅಥವಾ ಮುಂದೆಂದಾದರೂ ಈ ಸ್ಮರಣ ಸಂಚಿಕೆಯನ್ನು ಓದಿದರೆ, ಅವನಲ್ಲಿ ನಾವು ಕ್ಷಮೆ ಯಾಚಿಸುತ್ತೇವೆ. ಅವನು ಯಾವಾಗ ಬಂದರೂ ಪುಸ್ತಕ ಅವನದೇ.