ರೆಫರಿ ನೋಡದಿದ್ದಾಗ: ಫುಟ್ಬಾಲ್ ಕಲಿಸುವ ಪ್ರಾಮಾಣಿಕತೆ

(ಸಂಸ್ಥೆಯ ವಾರ್ಷಿಕ ಕ್ರೀಡಾ ಬಹುಮಾನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ಗೆದ್ದವರಿಗೆ ಕಪ್ ಕೊಡುತ್ತಿದ್ದೇವೆ. ಅವರಿಗೆ ನನ್ನ ಅಭಿನಂದನೆಗಳು. ಆದರೆ ನಾನು ಇಂದು ಮಾತನಾಡಬೇಕೆಂದಿರುವುದು, ಗೆಲ್ಲಬಹುದಾಗಿದ್ದರೂ ಸತ್ಯ ಹೇಳಿ ಸೋತ ಕೆಲವರ ಬಗ್ಗೆ. ಅವರೆಲ್ಲ ಸಂಬಳ ಪಡೆದು ಆಡುವ, ಒಂದೊಂದು ಗೋಲಿನ ಮೇಲೆ ಕೋಟಿಗಟ್ಟಲೆ ಹಣ ನಿಂತಿರುವ ವೃತ್ತಿಪರ ಫುಟ್ಬಾಲಿನ ಜನ. ಹವ್ಯಾಸಕ್ಕೆ ಆಡುವವನು ಪ್ರಾಮಾಣಿಕನಾಗಿರುವುದು ಸುಲಭ. ಹೊಟ್ಟೆಪಾಡಿಗೆ ಆಡುವವನು ಹಾಗಿದ್ದರೆ ಅದರಿಂದ ನಾವು ಕಲಿಯುವುದು ಬಹಳವಿದೆ.

ವಿಜಯಪುರ ಎಂದರೆ ಸೈಕ್ಲಿಂಗ್, ನಮ್ಮ ಹಳ್ಳಿಗಳೆಂದರೆ ಕಬಡ್ಡಿ ಮತ್ತು ಕುಸ್ತಿ, ಫುಟ್ಬಾಲ್ ನಮ್ಮದಲ್ಲ ಎಂದು ನೀವು ಅನ್ನಬಹುದು. ಹಾಗೇನಿಲ್ಲ. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದ ತಂಡ ನಮ್ಮ ರಾಜ್ಯದ 'ಬೆಂಗಳೂರು ಮುಸ್ಲಿಮ್ಸ್'. ಅದೇ ತಂಡದಲ್ಲಿ ಆಡಿ ಬೆಳೆದ ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್ ಮತ್ತು ಅಹ್ಮದ್ ಖಾನ್ ಈ ಐವರು ಮುಂಪಡೆಯ ಆಟಗಾರರನ್ನು ಜನ 'ಪಂಚಪಾಂಡವರು' ಎಂದು ಕರೆದರು. ಪಾಂಡವರಲ್ಲಿ ಇಬ್ಬರು ಮುಸ್ಲಿಮರು! ಇಬ್ರಾಹಿಂ ಆದಿಲ್‌ಶಾಹಿಯನ್ನು ಜಗದ್ಗುರು ಎಂದು ಕರೆದ ಊರಿನವರಾದ ನಮಗೆ ಇದು ಅಚ್ಚರಿ ಎನಿಸಬಾರದು.

ಈಗ ನಮ್ಮ ಕಾಲದ ಒಂದು ಪಂದ್ಯಕ್ಕೆ ಬರೋಣ. 2023ರ ಮಾರ್ಚ್ 3. ಸ್ಥಳ ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಎದುರಾದವು. 90 ನಿಮಿಷಗಳಲ್ಲಿ ಗೋಲಿಲ್ಲ. ಹೆಚ್ಚುವರಿ ಸಮಯ ಶುರುವಾದ ಕೆಲವೇ ನಿಮಿಷಗಳಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಆಟಗಾರರು ಇನ್ನೂ ಅಡ್ಡಗೋಡೆಯಾಗಿ ನಿಂತಿರಲಿಲ್ಲ, ಗೋಲ್‌ಕೀಪರ್ ಸಿದ್ಧನಾಗಿರಲಿಲ್ಲ. ಸುನಿಲ್ ಛೆಟ್ರಿ ಚೆಂಡನ್ನು ನೇರವಾಗಿ ಬಲೆಗೆ ಹಾಕಿದರು. ರೆಫರಿ ಗೋಲು ಕೊಟ್ಟರು.

ಕೇರಳದವರು ಪ್ರತಿಭಟಿಸಿದರು. ಅವರ ತರಬೇತುದಾರ ಇವಾನ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಇನ್ನೂ 20 ನಿಮಿಷಕ್ಕಿಂತ ಹೆಚ್ಚು ಆಟ ಬಾಕಿ ಇತ್ತು. ತಂಡ ಮರಳಲಿಲ್ಲ. ಬೆಂಗಳೂರು ಗೆದ್ದಿತೆಂದು ಘೋಷಿಸಲಾಯಿತು. ತಿಂಗಳ ಕೊನೆಗೆ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಕೇರಳ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ವಿಧಿಸಿತು. ತರಬೇತುದಾರರಿಗೆ 10 ಪಂದ್ಯಗಳ ನಿಷೇಧ ಮತ್ತು 5 ಲಕ್ಷ ದಂಡ. ಕ್ಲಬ್ಬು ಬಹಿರಂಗವಾಗಿ ಕ್ಷಮೆ ಕೇಳಿತು.

ಮಿತ್ರರೆ, ಇಲ್ಲಿ ಮೂರು ಪ್ರಶ್ನೆಗಳಿವೆ. ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯದು, ಛೆಟ್ರಿ ಹೊಡೆದದ್ದು ನಿಯಮದ ಪ್ರಕಾರ ಸರಿಯೆ? ಎದುರಾಳಿಗಳು 9.15 ಮೀಟರ್ ದೂರ ಹೋಗುವವರೆಗೆ ಕಾಯುವುದು ಒದೆಯುವವನ ಹಕ್ಕೇ ಹೊರತು ಕಡ್ಡಾಯವಲ್ಲ. ಅವನು ಬೇಡವೆಂದರೆ ಬೇಗನೆ ಹೊಡೆಯಬಹುದು. ಶಿಳ್ಳೆಗಾಗಿ ಕಾಯಿರಿ ಎಂದು ರೆಫರಿ ತಡೆದಿದ್ದರೆ ಮಾತ್ರ ಕಾಯಬೇಕು. ತಮಗೆ ಶಿಳ್ಳೆಯೂ ಗೋಡೆಯೂ ಬೇಡವೆಂದು ರೆಫರಿಗೆ ಮೊದಲೇ ತಿಳಿಸಿದ್ದಾಗಿ ಛೆಟ್ರಿ ಆ ಮೇಲೆ ಹೇಳಿದರು. ರೆಫರಿಯ ತೀರ್ಪು ಗೋಲು ಎಂದಾಯಿತು.

ಎರಡನೆಯದು, ನಿಯಮದಲ್ಲಿ ಸರಿಯಾದದ್ದೆಲ್ಲ ಕ್ರೀಡಾ ಮನೋಭಾವದಲ್ಲೂ ಸರಿಯೆ? ಚುರುಕಾಗಿದ್ದವನಿಗೆ ಗೆಲುವು, ಮೈಮರೆತವನಿಗೆ ಸೋಲು ಎಂಬುದು ಒಂದು ವಾದ. ಸಿದ್ಧನಿಲ್ಲದವನ ಮೇಲೆ ಗೆದ್ದದ್ದು ಗೆಲುವೇ ಎಂಬುದು ಇನ್ನೊಂದು. ಇದರಲ್ಲಿ ಒಳ್ಳೆಯವರೂ ಭಿನ್ನಾಭಿಪ್ರಾಯ ಹೊಂದಬಹುದು.

ಮೂರನೆಯದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಅನ್ಯಾಯವಾಯಿತೆಂದು ಆಟ ಬಿಟ್ಟು ಹೋಗಬಾರದು. ದೂರು ಕೊಡಬಹುದು, ಮೇಲ್ಮನವಿ ಮಾಡಬಹುದು. ಆದರೆ ನಡುವೆ ಕಣ ಬಿಟ್ಟರೆ, ನಮ್ಮ ಮಾತು ನಿಜವಾಗಿದ್ದರೂ ಕೇಳುವವರಿಲ್ಲ. ಉಳಿದ ನಿಮಿಷಗಳಲ್ಲಿ ಒಂದು ಗೋಲು ಹೊಡೆದಿದ್ದರೆ ಕೇರಳ ಸಮ ಮಾಡಬಹುದಿತ್ತು. ಆ ಅವಕಾಶವನ್ನು ಅವರಿಂದ ಯಾರೂ ಕಸಿದುಕೊಳ್ಳಲಿಲ್ಲ, ಅವರೇ ಬಿಟ್ಟುಕೊಟ್ಟರು.

ಎರಡನೆಯ ಪ್ರಶ್ನೆಗೆ ಮತ್ತೆ ಹೋಗೋಣ. ಅದಕ್ಕೆ ಇಂಗ್ಲೆಂಡಿನಲ್ಲಿ ಒಬ್ಬ ತರಬೇತುದಾರ ಕೊಟ್ಟ ಉತ್ತರ ನೆನಪಿಡುವಂಥದ್ದು. 2019ರ ಏಪ್ರಿಲ್ 28. ಲೀಡ್ಸ್ ಯುನೈಟೆಡ್ ಮತ್ತು ಆಸ್ಟನ್ ವಿಲ್ಲಾ ನಡುವೆ ಪಂದ್ಯ. ಪ್ರೀಮಿಯರ್ ಲೀಗ್‌ಗೆ ನೇರವಾಗಿ ಏರಲು ಲೀಡ್ಸ್‌ಗೆ ಗೆಲುವು ಬೇಕೇ ಬೇಕಿತ್ತು. ವಿಲ್ಲಾದ ಆಟಗಾರನೊಬ್ಬ ಪೆಟ್ಟಾಗಿ ಬಿದ್ದಿದ್ದ. ಲೀಡ್ಸ್‌ನವರು ಚೆಂಡನ್ನು ಹೊರಗೆ ಹಾಕುತ್ತಾರೆಂದು ತಿಳಿದು ವಿಲ್ಲಾದವರು ನಿಂತರು. ಲೀಡ್ಸ್‌ನವರು ನಿಲ್ಲದೆ ಗೋಲು ಹೊಡೆದರು. ನಿಯಮದಲ್ಲಿ ಅದು ಗೋಲೇ. ದೊಡ್ಡ ಗಲಾಟೆಯಾಯಿತು. ಆಗ ಲೀಡ್ಸ್‌ನ ತರಬೇತುದಾರ ಮಾರ್ಸೆಲೊ ಬಿಯೆಲ್ಸಾ ತಮ್ಮ ಹುಡುಗರಿಗೆ ಆಜ್ಞೆ ಮಾಡಿದರು: ಅಡ್ಡ ಬರಬೇಡಿ, ಅವರೂ ಒಂದು ಗೋಲು ಹೊಡೆಯಲಿ. ತಂಡ ದಾರಿ ಬಿಟ್ಟಿತು, ವಿಲ್ಲಾ ಗೋಲು ಹಾಕಿತು. ಪಂದ್ಯ 1-1ರಲ್ಲಿ ಮುಗಿಯಿತು. ನೇರವಾಗಿ ಮೇಲೇರುವ ದಾರಿ ಲೀಡ್ಸ್‌ಗೆ ಮುಚ್ಚಿತು. ಪ್ಲೇ ಆಫ್‌ನಲ್ಲೂ ಸೋತು ಇನ್ನೊಂದು ವರ್ಷ ಕೆಳಗೇ ಉಳಿಯಿತು. ಆ ವರ್ಷದ ಫಿಫಾ ಫೇರ್ ಪ್ಲೇ ಪ್ರಶಸ್ತಿ ಬಿಯೆಲ್ಸಾ ಮತ್ತು ಲೀಡ್ಸ್ ತಂಡಕ್ಕೆ ಬಂತು.

ಇನ್ನೊಂದು ಘಟನೆ 2003ರ ಫೆಬ್ರುವರಿಯದು. ಹಾಂಗ್‌ಕಾಂಗ್‌ನಲ್ಲಿ ಡೆನ್ಮಾರ್ಕ್ ಮತ್ತು ಇರಾನ್ ಆಡುತ್ತಿದ್ದವು. ಮೊದಲರ್ಧ ಮುಗಿಯುವ ಹೊತ್ತಿಗೆ ಪ್ರೇಕ್ಷಕರ ಕಡೆಯಿಂದ ಯಾರೋ ಶಿಳ್ಳೆ ಊದಿದರು. ರೆಫರಿಯೇ ಊದಿದರೆಂದು ತಿಳಿದ ಇರಾನಿನ ಆಟಗಾರ ತನ್ನ ಪೆನಾಲ್ಟಿ ಆವರಣದೊಳಗೆ ಚೆಂಡನ್ನು ಕೈಗೆತ್ತಿಕೊಂಡ. ನಿಯಮದಂತೆ ಪೆನಾಲ್ಟಿ. ಡೆನ್ಮಾರ್ಕಿನ ಮಾರ್ಟನ್ ವೀಗೋರ್ಸ್ಟ್ ತಮ್ಮ ತರಬೇತುದಾರರೊಂದಿಗೆ ಮಾತನಾಡಿ ಬಂದು, ಚೆಂಡನ್ನು ಬೇಕೆಂತಲೇ ಗೋಲಿನ ಹೊರಗೆ ಹೊಡೆದರು. ಪಂದ್ಯವನ್ನು ಡೆನ್ಮಾರ್ಕ್ 0-1ರಿಂದ ಸೋತಿತು.

ಮೂರನೆಯದು ಜರ್ಮನಿಯ ಮಿರೊಸ್ಲಾವ್ ಕ್ಲೋಸೆ ಅವರದು. 2012ರ ಸೆಪ್ಟೆಂಬರ್ 26ರಂದು ಇಟಲಿಯ ನೇಪಲ್ಸ್‌ನಲ್ಲಿ ಅವರು ಲಾಜಿಯೊ ಪರವಾಗಿ ನಾಪೋಲಿ ವಿರುದ್ಧ ಆಡುತ್ತಿದ್ದರು. ಪಂದ್ಯದ ಆರಂಭದಲ್ಲೇ ಕಾರ್ನರ್‌ನಿಂದ ಬಂದ ಚೆಂಡು ಅವರ ಕೈಗೆ ತಗುಲಿ ಗೋಲಿನೊಳಗೆ ಹೋಯಿತು. ರೆಫರಿ ನೋಡಲಿಲ್ಲ, ಗೋಲು ಕೊಟ್ಟರು. ಕ್ಲೋಸೆ ತಾವೇ ರೆಫರಿಗೆ ಹೇಳಿದರು: ಚೆಂಡು ಕೈಗೆ ತಗುಲಿತ್ತು. ಗೋಲು ರದ್ದಾಯಿತು. ಎದುರಾಳಿಗಳು ಬಂದು ಕೈ ಕುಲುಕಿದರು. ಕೊನೆಗೆ ಲಾಜಿಯೊ 0-3ರಿಂದ ಸೋತಿತು.

ವಿದ್ಯಾರ್ಥಿಗಳೆ, ನೀವು ಗಮನಿಸಿದಿರಾ? ಲೀಡ್ಸ್ ಮೇಲೇರಲಿಲ್ಲ. ಡೆನ್ಮಾರ್ಕ್ ಸೋತಿತು. ಕ್ಲೋಸೆ ತಂಡ ಸೋತಿತು. ಪ್ರಾಮಾಣಿಕನಾಗಿದ್ದರೆ ಯಾವಾಗಲೂ ಗೆಲ್ಲುತ್ತೀಯೆ ಎಂದು ಮಕ್ಕಳಿಗೆ ಹೇಳುವ ಹಿರಿಯರಿದ್ದಾರೆ. ನಾನು ಹಾಗೆ ಹೇಳಲಾರೆ. ಗೆಲುವಿನ ಆಸೆಗೆ ಸತ್ಯ ಹೇಳುವವನು, ಸೋಲು ಕಂಡ ದಿನ ಸತ್ಯವನ್ನೂ ಬಿಡುತ್ತಾನೆ. ಸತ್ಯಕ್ಕೆ ಬೆಲೆ ತೆರಬೇಕಾಗುತ್ತದೆ ಎಂದು ಮೊದಲೇ ತಿಳಿದು ಹೇಳಿದ ಸತ್ಯವೇ ಗಟ್ಟಿ.

ನಮ್ಮ ಮನೆಮಾತಿನಲ್ಲಿ ಇದಕ್ಕೆ 'ಗವಾಹಿ' ಎನ್ನುತ್ತೇವೆ, ಸಾಕ್ಷಿ. ಬೇರೆಯವರ ವಿರುದ್ಧ ಸಾಕ್ಷಿ ಹೇಳಲು ಎಲ್ಲರೂ ಮುಂದೆ. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 135ನೇ ವಚನ, ಸಾಕ್ಷಿ ನಮ್ಮ ವಿರುದ್ಧವೇ ಆದರೂ, ತಂದೆತಾಯಿ ಮತ್ತು ಬಂಧುಗಳ ವಿರುದ್ಧವೇ ಆದರೂ ನ್ಯಾಯದ ಪರ ನಿಲ್ಲಬೇಕೆಂದು ಕಲಿಸುತ್ತದೆ. ಕ್ಲೋಸೆ ಆ ದಿನ ಹೇಳಿದ್ದು ತಮ್ಮ ವಿರುದ್ಧದ ಸಾಕ್ಷಿ.

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಿಗೆ ತಕ್ಕಡಿಯ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಕೊಳ್ಳುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿಮೆ ಅಳೆಯುವವರನ್ನು ಖಂಡಿಸುವ ಒಂದು ಅಧ್ಯಾಯವೇ ಕುರ್‌ಆನಿನಲ್ಲಿದೆ, ಅಲ್ ಮುತಫ್ಫಿಫೀನ್. ಮೈದಾನದಲ್ಲಿ ನೋಡಿ. ಎದುರಾಳಿಯ ಕೈಗೆ ಚೆಂಡು ತಗುಲಿದರೆ ಹನ್ನೊಂದು ಜನರೂ ಕೈಯೆತ್ತಿ ಕೂಗುತ್ತೇವೆ. ನಮ್ಮವನ ಕೈಗೆ ತಗುಲಿದರೆ ಹನ್ನೊಂದು ಜನರೂ ಮೌನ. ಇದು ಎರಡು ತಕ್ಕಡಿಯ ವ್ಯಾಪಾರವಲ್ಲದೆ ಮತ್ತೇನು?

ಸೋಲನ್ನು ಒಪ್ಪುವುದಕ್ಕೂ ನಮಗೆ ಮಾದರಿ ಇದೆ. ಪ್ರವಾದಿ ಮುಹಮ್ಮದ್(ಸ)ರ ಬಳಿ ಅದ್ಬಾ ಎಂಬ ಒಂಟೆ ಇತ್ತು. ಅದನ್ನು ಓಟದಲ್ಲಿ ಸೋಲಿಸುವ ಒಂಟೆ ಇರಲಿಲ್ಲ. ಒಂದು ದಿನ ಹಳ್ಳಿಗನೊಬ್ಬ ತನ್ನ ಎಳೆಯ ಒಂಟೆಯ ಮೇಲೆ ಬಂದು ಅದನ್ನು ಹಿಂದೆ ಹಾಕಿದ. ಅನುಯಾಯಿಗಳಿಗೆ ಬಹಳ ನೋವಾಯಿತು. ಲೋಕದಲ್ಲಿ ಮೇಲೇರಿದ್ದನ್ನು ಅಲ್ಲಾಹನು ಕೆಳಗಿಳಿಸುವುದೂ ಇದ್ದದ್ದೇ ಎಂದು ಪ್ರವಾದಿಯವರು(ಸ) ಅವರನ್ನು ಸಮಾಧಾನಪಡಿಸಿದರೆಂದು ಬುಖಾರಿಯ ಹದೀಸ್ ತಿಳಿಸುತ್ತದೆ. ಗೆದ್ದ ಹಳ್ಳಿಗನ ಮೇಲೆ ಯಾರೂ ಕೋಪಿಸಿಕೊಳ್ಳಲಿಲ್ಲ, ಓಟ ಮತ್ತೆ ನಡೆಯಲಿ ಎನ್ನಲಿಲ್ಲ.

ಇನ್ನು ಕ್ಯಾಮೆರಾದ ವಿಷಯ. 2018ರಲ್ಲಿ ವಿಶ್ವಕಪ್‌ಗೂ ವಿಡಿಯೊ ನೋಡಿ ತೀರ್ಪು ಕೊಡುವ ಪದ್ಧತಿ ಬಂತು. ಒಳ್ಳೆಯದೇ. ಆದರೆ ಕ್ಯಾಮೆರಾ ತಪ್ಪನ್ನು ಹಿಡಿಯುತ್ತದೆ, ಮನಸ್ಸನ್ನು ತಿದ್ದುವುದಿಲ್ಲ. ಅದೇ 2018ರಲ್ಲಿ ಜಪಾನ್ ಮತ್ತು ಸೆನೆಗಲ್ ಎಲ್ಲದರಲ್ಲೂ ಸಮವಾದಾಗ, ಕಡಿಮೆ ಹಳದಿ ಕಾರ್ಡ್ ಪಡೆದ ಜಪಾನ್ 'ಫೇರ್ ಪ್ಲೇ' ಲೆಕ್ಕದಲ್ಲಿ ಮುಂದೆ ಹೋಯಿತು. ಜಪಾನಿಗೆ 4, ಸೆನೆಗಲ್‌ಗೆ 6 ಕಾರ್ಡ್. ಆದರೆ ಕೊನೆಯ ಪಂದ್ಯದ ಕೊನೆಯ ನಿಮಿಷಗಳಲ್ಲಿ ಆ ಲೆಕ್ಕ ಉಳಿಸಿಕೊಳ್ಳಲು ಜಪಾನ್ ಗೋಲಿಗೆ ಯತ್ನಿಸದೆ ಚೆಂಡನ್ನು ತಮ್ಮತಮ್ಮಲ್ಲೇ ತಳ್ಳಾಡಿತು. ಪ್ರೇಕ್ಷಕರು ಗೇಲಿ ಮಾಡಿದರು. ಕಾರ್ಡ್ ಎಣಿಸಿ ಕ್ರೀಡಾ ಮನೋಭಾವವನ್ನು ಅಳೆಯಲಾಗದು.

ಶಿಕ್ಷಣ ಸಂಸ್ಥೆಯಾಗಿ ನಾವು ಇದನ್ನು ಪರೀಕ್ಷೆಗೂ ಅನ್ವಯಿಸಿ ನೋಡಬೇಕು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ರಾಜ್ಯದಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಲಾಯಿತು. 2023ರಲ್ಲಿ ಶೇ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಇದಕ್ಕೆ ಕಾರಣಗಳು ಹಲವು ಇರಬಹುದು. ಆದರೂ ಪಾಲಕರಾಗಿ, ಶಿಕ್ಷಕರಾಗಿ ನಾವು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಕ್ಯಾಮೆರಾ ಇಲ್ಲದ ಕೊಠಡಿಯಲ್ಲಿ ನಮ್ಮ ಮಕ್ಕಳು ಹೇಗಿರುತ್ತಾರೆ?

ಇದಕ್ಕೆ ಆಟದ ಮೈದಾನವೇ ಒಳ್ಳೆಯ ಪಾಠಶಾಲೆ. ನನ್ನ ಸಲಹೆಗಳು ಇಷ್ಟೇ. ನಮ್ಮ ಶಾಲೆಗಳ ಪಂದ್ಯಗಳಲ್ಲಿ ಗೆದ್ದ ಕಪ್ಪಿನಷ್ಟೇ ದೊಡ್ಡ ಕ್ರೀಡಾ ಮನೋಭಾವದ ಕಪ್ ಇಡೋಣ, ಅದನ್ನೇ ಮೊದಲು ಕೊಡೋಣ. ಪಂದ್ಯಕ್ಕೆ ಮುಂಚೆ ಇಬ್ಬರೂ ನಾಯಕರು, ಪೆಟ್ಟಾದವನು ಬಿದ್ದರೆ ಏನು ಮಾಡುತ್ತೇವೆ ಎಂದು ಮಾತಾಡಿಕೊಳ್ಳಲಿ. ಪ್ರತಿ ವಿದ್ಯಾರ್ಥಿ ವರ್ಷಕ್ಕೊಮ್ಮೆ ಶಿಳ್ಳೆ ಹಿಡಿದು ರೆಫರಿಯಾಗಲಿ, ಆಗ ಆ ಕೆಲಸ ಎಷ್ಟು ಕಷ್ಟವೆಂದು ತಿಳಿಯುತ್ತದೆ. ಗೆರೆಯಾಚೆ ನಿಂತ ನಾವು ಹಿರಿಯರು ರೆಫರಿಯನ್ನು ಬೈಯುವುದನ್ನು ಬಿಡೋಣ. ಮಕ್ಕಳು ನಮ್ಮ ಭಾಷಣಕ್ಕಿಂತ ನಮ್ಮ ಬಾಯಿಯನ್ನು ಹೆಚ್ಚು ಗಮನಿಸುತ್ತಾರೆ.

ಇದೇನೂ ಪರದೇಶದಿಂದ ತರಬೇಕಾದ ಗುಣವಲ್ಲ. ತಿಕೋಟಾದ, ಬಬಲೇಶ್ವರದ ಕಬಡ್ಡಿ ಅಂಕಣದಲ್ಲಿ ದಾಳಿಗಾರನ ಬೆರಳು ಸೋಕಿದಾಗ, ಯಾರೂ ನೋಡದಿದ್ದರೂ ತಾನೇ ಕೈಯೆತ್ತಿ ಗೆರೆ ದಾಟಿ ಹೊರಗೆ ಹೋಗುವ ಹುಡುಗ ಕ್ಲೋಸೆಗಿಂತ ಕಡಿಮೆಯವನಲ್ಲ. ಅವನಿಗೆ ಫಿಫಾ ಪ್ರಶಸ್ತಿ ಬರುವುದಿಲ್ಲ. ಕನಿಷ್ಠ ನಾವಾದರೂ ಅವನನ್ನು 'ಪೆದ್ದ' ಎನ್ನದಿರೋಣ, ಬೆನ್ನು ತಟ್ಟೋಣ.

ನಮ್ಮ ವಿರುದ್ಧವೇ ಆದರೂ ಸತ್ಯ ಹೇಳುವ ಧೈರ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.