ಬ್ರೇಕಿನೊಳಗೆ ಉಳಿದ ಗಾಳಿ
(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೂ ಕಾರಿನ ಬ್ರೇಕಿಗೂ ಏನು ಸಂಬಂಧ ಎಂದು ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ. ನಗಿ, ತಪ್ಪಿಲ್ಲ. ನನ್ನನ್ನು ಕರೆದದ್ದು ಕಾಗುಣಿತದ ತಪ್ಪುಗಳ ಬಗ್ಗೆ ಮಾತನಾಡಲು. ವಿಷಯ ಬದಲಿಸಿಕೊಂಡವನು ನಾನೇ. ನಿಮ್ಮಲ್ಲಿ ಹಲವರ ಮನೆಯಲ್ಲಿ ಅಣ್ಣನೋ ಮಾವನೋ ಗ್ಯಾರೇಜಿನಲ್ಲಿ ದುಡಿಯುತ್ತಾರೆ, ಇಲ್ಲವೇ ಬಾಡಿಗೆ ಗಾಡಿ ಓಡಿಸುತ್ತಾರೆ. ಇಂದು ನಾನು ಹೇಳುವುದು ಅವರಿಗೆ ಗೊತ್ತಿರುವ ವಿಷಯವೇ. ಆದರೆ ಅದನ್ನು ನಾನು ಕಲಿತ ರೀತಿ ಸ್ವಲ್ಪ ಬೇರೆ.

ನನ್ನ ಬಳಿ ಒಂದು ಹಳೆಯ ಸಣ್ಣ ಕಾರು ಇದೆ. ಕುಮಟಾದಲ್ಲಿ ಸಂಬಂಧಿಕರ ಮದುವೆ. ತಾಯಿಯವರನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯಬೇಕು. ಘಟ್ಟ ಎಂದ ಮೇಲೆ ಬ್ರೇಕ್ ನೋಡಿಸಿಕೊಳ್ಳುವುದು ಲೇಸೆಂದು ಗಾಡಿಯನ್ನು ರಿಪೇರಿಗೆ ಬಿಟ್ಟೆ. ಮುಂದಿನ ಎರಡೂ ಚಕ್ರಗಳ ಕ್ಯಾಲಿಪರ್ ಬಿಚ್ಚಿ, ರಬ್ಬರ್ ಕಿಟ್ ಬದಲಿಸಿ, ಮತ್ತೆ ಕೂರಿಸಿದರು. ಆಮೇಲೆ ಶುರುವಾಯಿತು ತೊಂದರೆ. ಪೆಡಲ್ ಒತ್ತಿದರೆ ಹತ್ತಿಯ ದಿಂಬನ್ನು ಒತ್ತಿದ ಹಾಗೆ. ಗಾಳಿ ತೆಗೆದರು, ಮತ್ತೆ ತೆಗೆದರು. ಎರಡು ಬಾಟಲಿ ಬ್ರೇಕ್ ಆಯಿಲ್ ಖಾಲಿಯಾಯಿತು. ಪೆಡಲ್ ಗಟ್ಟಿಯಾಗಲಿಲ್ಲ. ‘ಹಳೇ ಗಾಡಿ ಸರ್, ಇಷ್ಟೇ ಬರೋದು, ನಿಧಾನಕ್ಕೆ ಹೋಗಿ’ ಎಂದರು.

ಮಕ್ಕಳೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಗಾಳಿ ಇದ್ದರೆ ಏನಾಗುತ್ತದೆ? ಪಾಸ್ಕಲ್ ನಿಯಮವನ್ನು ನೀವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಿ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಪಾಸ್ಕಲ್ 1662ರಲ್ಲಿ ತೀರಿಕೊಂಡರು, ಅವರ ಈ ಬರಹ ಮರುವರ್ಷ ಅಚ್ಚಾಯಿತು. ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ದ್ರವದ ಬ್ರೇಕ್ ಬಂದದ್ದು 1921ರಲ್ಲಿ. ನಡುವೆ ಎರಡೂವರೆ ಶತಮಾನ! ಕಾಲಿನಿಂದ ಒತ್ತಿದ ಬಲ ಮಾಸ್ಟರ್ ಸಿಲಿಂಡರಿನಿಂದ ಸಣ್ಣ ಕೊಳವೆಗಳ ಮೂಲಕ ನಾಲ್ಕು ಚಕ್ರಗಳಿಗೂ ತಲುಪುತ್ತದೆ. ದ್ರವವನ್ನು ಹಿಂಡಿ ಸಣ್ಣದು ಮಾಡಲಾಗದು, ಅದಕ್ಕೇ ಇದು ಸಾಧ್ಯ. ಗಾಳಿ ಹಾಗಲ್ಲ, ಹಿಂಡಿದರೆ ಮುದುಡುತ್ತದೆ.

ಎಷ್ಟು ಗಾಳಿ ಇದ್ದರೆ ಎಷ್ಟು ನಷ್ಟ ಎಂದು ಲೆಕ್ಕ ಹಾಕಿ ನೋಡಿದೆ. ಮಾಸ್ಟರ್ ಸಿಲಿಂಡರಿನ ಒಳವ್ಯಾಸ 19 ಮಿ.ಮೀ. ಎಂದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 2.8 ಚದರ ಸೆಂ.ಮೀ. ಒಳಗೆ ಒಂದೇ ಒಂದು ಮಿಲಿಲೀಟರ್ ಗಾಳಿ ಉಳಿದಿದ್ದರೆ, ಅದು ಮುದುಡುವಷ್ಟರಲ್ಲಿ ಪಿಸ್ಟನ್ ಸುಮಾರು ಮೂರೂವರೆ ಮಿ.ಮೀ. ಸುಮ್ಮನೆ ಚಲಿಸಿಬಿಡುತ್ತದೆ. ಪೆಡಲ್ ಒಂದು ಸನ್ನೆಕೋಲು. ಅದು ಬಲವನ್ನು ನಾಲ್ಕು ಪಟ್ಟು ಮಾಡುವಂತಿದ್ದರೆ, ಕಾಲಿನ ಕೆಳಗೆ ನಷ್ಟವಾಗುವುದು ಸುಮಾರು ಒಂದೂವರೆ ಸೆಂಟಿಮೀಟರ್. ಸಿರಿಂಜಿನಲ್ಲಿ ಒಂದು ಗೆರೆಯಷ್ಟು ಗಾಳಿ! ಲೆಕ್ಕ ಮುಗಿಸಿದ ಮೇಲೆ ಘಟ್ಟದ ತಿರುವುಗಳು ಕಣ್ಣ ಮುಂದೆ ಬಂದವು. ನಿಧಾನಕ್ಕೆ ಹೋಗಿ ಎಂಬ ಮಾತು ನನಗೆ ಸಮಾಧಾನ ಕೊಡಲಿಲ್ಲ.

ಆ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಎಸ್ಸೆಸ್ಸೆಲ್ಸಿಯಲ್ಲಿ ಅನುತ್ತೀರ್ಣನಾಗಿ ಬೇರೆ ಊರಿನ ಗ್ಯಾರೇಜ್ ಸೇರಿದ್ದವನು. ಅವನ ಅಂಕಪಟ್ಟಿಯಲ್ಲಿ ‘ಗಮನ ಸಾಲದು’ ಎಂದು ನಾನೇ ಕೆಂಪು ಶಾಯಿಯಲ್ಲಿ ಬರೆದಿದ್ದೆ. ವಿಷಯ ಕೇಳಿದವನೇ ಚಹಾ ಅಲ್ಲೇ ಬಿಟ್ಟು ಅಂಗಳಕ್ಕೆ ಹೋದ. ಪೆಡಲ್ ಒಮ್ಮೆ ಒತ್ತಿದ, ಹಿಡಿದ, ಬಿಟ್ಟ. ಬೇಗ ಬೇಗ ಮೂರು ಸಲ ಒತ್ತಿದ. ಆಮೇಲೆ ಟಾರ್ಚ್ ಹಿಡಿದು ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿದ.

‘ಸರ್, ನಿಪ್ಪಲ್ ಎಲ್ಲಿದೆ ನೋಡಿ.’

‘ಇದೆಯಲ್ಲಪ್ಪ, ಕೆಳಗೆ.’

‘ಅದೇ ಸರ್, ಕೆಳಗಿದೆ. ಗಾಳಿ ಯಾವಾಗಲೂ ಮೇಲೆ ಇರೋದು. ಬಾವಿಯಲ್ಲಿ ಕೊಡ ಮುಳುಗಿಸಿದಾಗ ಗುಳ್ಳೆ ಬಾಯಿಂದ ತಾನೇ ಬರೋದು, ತಳದಿಂದ ಬರ್ತದಾ?’

ಎಡ ಬಲ ಚಕ್ರಗಳ ಕ್ಯಾಲಿಪರ್‌ಗಳು ನಮ್ಮ ಎರಡು ಕೈಗಳಿದ್ದಂತೆ, ಒಂದು ಇನ್ನೊಂದರ ಕನ್ನಡಿ ಪ್ರತಿಬಿಂಬ. ನನ್ನ ಗಾಡಿಯಲ್ಲಿ ಅವು ಅದಲು ಬದಲಾಗಿದ್ದವು. ಬೋಲ್ಟುಗಳು ಸರಿಯಾಗಿಯೇ ಕೂರುತ್ತವೆ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಆದರೆ ಗಾಳಿ ಬಿಡುವ ನಿಪ್ಪಲ್ ತುದಿಯಲ್ಲಿರುವ ಬದಲು ಬುಡಕ್ಕೆ ಬಂದಿತ್ತು. ಎಷ್ಟು ಬಾಟಲಿ ಆಯಿಲ್ ಹಾಯಿಸಿದರೂ ಅದು ಕೆಳಗಿನಿಂದ ಹರಿದು ಹೋಗುತ್ತದೆ, ಮೇಲಿನ ಗುಳ್ಳೆ ಕದಲುವುದಿಲ್ಲ. ಹೊರಗೆ ಬರುವ ಆಯಿಲಿನಲ್ಲಿ ಗುಳ್ಳೆಯೇ ಕಾಣುವುದಿಲ್ಲ, ಗಾಳಿ ಹೋಯಿತೆಂದು ನಾವು ನಂಬುತ್ತೇವೆ.

ಅವನು ಎರಡನ್ನೂ ಬಿಚ್ಚಿ ಸರಿಯಾಗಿ ಕೂರಿಸಿದ. ನನ್ನನ್ನು ಪೆಡಲಿನ ಮೇಲೆ ಕೂರಿಸಿದ. ಈ ಕೆಲಸಕ್ಕೆ ಇಬ್ಬರು ಬೇಕು, ಇಬ್ಬರ ನಡುವೆ ಮಾತು ಬೇಕು. ‘ಒತ್ತಿ’ ಎಂದರೆ ನಿಧಾನವಾಗಿ ಒತ್ತಿ ಹಿಡಿಯಬೇಕು. ಅವನು ನಿಪ್ಪಲ್ ಸಡಿಲಿಸಿದಾಗ ಪೆಡಲ್ ಕೆಳಗಿಳಿಯುತ್ತದೆ. ಅವನು ಮತ್ತೆ ಬಿಗಿದು ‘ಬಿಡಿ’ ಎನ್ನುವವರೆಗೆ ಕಾಲು ಎತ್ತುವಂತಿಲ್ಲ. ಎತ್ತಿದರೆ ಹೊರಹೋದ ಗಾಳಿಯನ್ನೇ ಮತ್ತೆ ಒಳಗೆ ಎಳೆದುಕೊಂಡಂತೆ. ನಿಪ್ಪಲಿಗೆ ಸಿಕ್ಕಿಸಿದ ಪಾರದರ್ಶಕ ಕೊಳವೆಯ ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಬೇಕು. ಮೇಲಿನ ಡಬ್ಬಿಯಲ್ಲಿ ಆಯಿಲ್ ಎಂದೂ ತಳ ಮುಟ್ಟಬಾರದು, ಮುಟ್ಟಿದರೆ ಮೊದಲಿನಿಂದ ಶುರು. ಹಳೆಯ ಗಾಡಿಯಾದ್ದರಿಂದ ಅವನು ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟಿದ್ದ. ಕಾರಣ ಕೇಳಿದೆ. ದಿನನಿತ್ಯ ಪಿಸ್ಟನ್ ತಲುಪದ ಕೊನೆಯ ಭಾಗದಲ್ಲಿ ಸಿಲಿಂಡರ್ ತುಕ್ಕು ಹಿಡಿದು ಒರಟಾಗಿರುತ್ತದಂತೆ. ನೆಲ ಮುಟ್ಟುವಂತೆ ಒತ್ತಿದರೆ ಅಲ್ಲಿ ರಬ್ಬರ್ ವಾಷರ್ ಹರಿಯುತ್ತದೆ. ಗಾಳಿ ತೆಗೆಯಲು ಹೋಗಿ ಮಾಸ್ಟರ್ ಸಿಲಿಂಡರ್ ಕೆಡಿಸಿಕೊಂಡವರು ಬಹಳ ಮಂದಿ ಎಂದ.

ಅರ್ಧ ಬಾಟಲಿಯೊಳಗೆ ಪೆಡಲ್ ಮೇಲೆಯೇ ಕಲ್ಲಿನಂತೆ ನಿಂತಿತು.

ಅವನು ಆರಂಭದಲ್ಲಿ ಪೆಡಲನ್ನು ಮೂರು ರೀತಿ ಒತ್ತಿದ್ದು ಏಕೆ ಎಂದು ಆಮೇಲೆ ಕೇಳಿದೆ. ವೈದ್ಯರು ನಾಡಿ ಹಿಡಿದಂತೆ ಅದು. ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಕೆಳಗೆ ಜಾರುತ್ತಿದ್ದರೆ ದೋಷ ಗಾಳಿಯದಲ್ಲ. ಎಲ್ಲೋ ಸೋರುತ್ತಿದೆ, ಹೊರಗೆ ಒದ್ದೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗೇ ವಾಷರ್ ಸವೆದಿದೆ. (ಪೆಡಲ್ ಒತ್ತಿಕೊಂಡೇ ಎಂಜಿನ್ ಚಾಲೂ ಮಾಡಿದಾಗ ಅದು ತುಸು ಇಳಿದರೆ ಹೆದರಬೇಡಿ, ಅದು ಬೂಸ್ಟರ್ ಕೆಲಸ ಮಾಡುವ ಗುರುತು.) ಮೊದಲ ಸಲ ಆಳಕ್ಕೆ ಹೋಗಿ, ಎರಡು ಮೂರು ಸಲ ಬೇಗ ಒತ್ತಿದಾಗ ಮೇಲೆ ಬಂದು ಗಟ್ಟಿಯಾಗಿ ನಿಂತರೆ, ಹಿಂದಿನ ಡ್ರಮ್ಮಿನಲ್ಲಿ ಬ್ರೇಕ್ ಶೂ ಸವೆದು ಅಂತರ ಹೆಚ್ಚಾಗಿರಬಹುದು. ಅಲ್ಲಿ ಅಡ್ಜಸ್ಟ್ ಮಾಡದೆ ದಿನವಿಡೀ ಗಾಳಿ ತೆಗೆದರೂ ಪ್ರಯೋಜನವಿಲ್ಲ. ಎಷ್ಟು ಸಲ ಒತ್ತಿದರೂ ಸ್ಪಂಜಿನಂತೆಯೇ ಇದ್ದರೆ ಆಗ ಗಾಳಿಯನ್ನು ಹುಡುಕಬೇಕು, ಅಥವಾ ಹಳೆಯ ರಬ್ಬರ್ ಹೋಸ್ ಒತ್ತಡಕ್ಕೆ ಬಲೂನಿನಂತೆ ಉಬ್ಬುತ್ತಿದೆಯೇ ಎಂದು ಕೈಯಿಟ್ಟು ನೋಡಬೇಕು. ನಿಪ್ಪಲ್ ಬಿಚ್ಚಿದರೂ ಆಯಿಲ್ ಬಾರದಿದ್ದರೆ ನಿಪ್ಪಲಿನ ರಂಧ್ರ ಕಟ್ಟಿದೆ, ಇಲ್ಲವೇ ಹೋಸಿನ ಒಳಪದರ ಊದಿ ದಾರಿ ಮುಚ್ಚಿದೆ. ಗುಳ್ಳೆಗಳು ಮುಗಿಯದೆ ಬರುತ್ತಲೇ ಇದ್ದರೆ, ಅವು ಒಳಗಿನಿಂದಲೇ ಬರುತ್ತಿವೆಯೋ, ಸಡಿಲಿಸಿದ ನಿಪ್ಪಲಿನ ಮರೆಯ ಸುತ್ತಿನಿಂದ ನುಸುಳುತ್ತಿವೆಯೋ ಎಂದು ನೋಡಬೇಕು. ಇದು ಅನೇಕರನ್ನು ಮೋಸಗೊಳಿಸುತ್ತದೆ.

ಹೊಸ ಗಾಡಿಗಳಲ್ಲಿ ಇನ್ನೊಂದು ಅಡಗುತಾಣವಿದೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಅದರ ಘಟಕದೊಳಗೆ ಗಾಳಿ ಹೊಕ್ಕರೆ ಕಂಪ್ಯೂಟರ್ ಉಪಕರಣ ಜೋಡಿಸಿ ಒಳಗಿನ ವಾಲ್ವುಗಳನ್ನು ತೆರೆಸಬೇಕಾಗಬಹುದು, ಬರೀ ಕಾಲಿನ ಕೆಲಸ ಸಾಲದು. ಯಾವ ಚಕ್ರದಿಂದ ಶುರು ಮಾಡಬೇಕು ಎಂಬುದೂ ಹಾಗೆಯೇ. ದೂರದ ಚಕ್ರ ಮೊದಲು, ಅಂದರೆ ಹಿಂದಿನ ಎಡಚಕ್ರ ಮೊದಲು ಎನ್ನುವುದು ಹಳೆಯ ರೂಢಿ. ಆದರೆ ಅನೇಕ ಕಾರುಗಳಲ್ಲಿ ಮುಂದಿನ ಒಂದು ಚಕ್ರಕ್ಕೂ ಹಿಂದಿನ ಎದುರು ಮೂಲೆಯ ಚಕ್ರಕ್ಕೂ ಒಂದೇ ದಾರಿ ಇರುತ್ತದೆ. ಆಯಾ ಗಾಡಿಯ ಪುಸ್ತಕ ಹೇಳಿದ ಕ್ರಮವೇ ಸರಿ.

ಪುಸ್ತಕ ಎಂದೆನಲ್ಲ, ಅಲ್ಲಿಗೇ ಬರುತ್ತೇನೆ. ಕೆಲಸ ಮುಗಿದ ಮೇಲೆ ಹುಡುಗ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ‘ಸರ್, ಇದರ ಮೇಲೆ ಏನೋ ಸಣ್ಣಕ್ಷರದಲ್ಲಿ ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ’ ಎಂದ. ಇಷ್ಟು ವರ್ಷ ಬಣ್ಣ ನೋಡಿ ಬಾಟಲಿ ಗುರುತಿಸುತ್ತಿದ್ದನಂತೆ. ಇಂಗ್ಲಿಷಿನ ಆ ಸಾಲುಗಳನ್ನು ನಾನೂ ಎರಡೆರಡು ಸಲ ಓದಬೇಕಾಯಿತು. ಡಾಟ್ 3, ಡಾಟ್ 4 ಎಂದು ಬರೆದಿರುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಆದರೆ ಇವೆರಡೂ ಗಾಳಿಯ ತೇವವನ್ನು ಹೀರುತ್ತವೆ. ಶೇಕಡ 3.7ರಷ್ಟು ನೀರು ಸೇರಿದಾಗ ಡಾಟ್ 3ರ ಕನಿಷ್ಠ ಮಿತಿ 140ಕ್ಕೆ, ಡಾಟ್ 4ರದು 155ಕ್ಕೆ ಇಳಿಯುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವುದನ್ನು ನೋಡಿದ್ದೀರಲ್ಲ, ಮುಚ್ಚಳ ತೆರೆದಿಟ್ಟ ಬ್ರೇಕ್ ಆಯಿಲಿನದೂ ಅದೇ ಕಥೆ. ಆದ್ದರಿಂದಲೇ ಹಲವು ಗಾಡಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳಿರುತ್ತಾರೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಆಯಿಲ್ ಕುದಿದು ಒಳಗೇ ಆವಿಯಾಗುತ್ತದೆ, ಆವಿಯೂ ಗಾಳಿಯಂತೆಯೇ ಮುದುಡುತ್ತದೆ. ಅಂಗಳದಲ್ಲಿ ಗಟ್ಟಿಯಾಗಿದ್ದ ಪೆಡಲ್ ಘಟ್ಟದ ಬುಡದಲ್ಲಿ ಮೆತ್ತಗಾಗುವುದು ಹೀಗೆ. ತಣ್ಣಗಾದ ಮೇಲೆ ಮತ್ತೆ ಸರಿಯಾಗುತ್ತದೆ, ಗ್ಯಾರೇಜಿನಲ್ಲಿ ತೋರಿಸಿದರೆ ಏನೂ ಕಾಣುವುದಿಲ್ಲ.

ಇದನ್ನು ಓದಿ ಹೇಳಿದಾಗ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ‘ನಮ್ಮಲ್ಲಿ ಒಬ್ಬ ಹುಡುಗ ಎಂಜಿನ್ ಆಯಿಲ್ ಹಾಕಿಬಿಟ್ಟಿದ್ದ ಸರ್. ರಬ್ಬರೆಲ್ಲ ಊದಿಹೋಯಿತು. ಅವನಿಗೂ ಓದೋಕೆ ಬರಲ್ಲ’ ಎಂದ. ನಾನು ಹತ್ತು ವರ್ಷಗಳಿಂದ ಅಕ್ಷರ ಕಲಿಸುವ ಕೆಲಸದಲ್ಲಿದ್ದೇನೆ. ಅವನು ನನ್ನ ತರಗತಿಯಲ್ಲಿ ಮೂರು ವರ್ಷ ಕುಳಿತಿದ್ದ. ಗುಳ್ಳೆ ಎಲ್ಲಿ ನಿಲ್ಲುತ್ತದೆ ಎಂದು ಒಂದೇ ನೋಟದಲ್ಲಿ ಕಂಡವನ ಗಮನ ಸಾಲದು ಎಂದು ನಾನು ಬರೆದಿದ್ದೆ!

ಆ ರಾತ್ರಿ ಒಂದು ಕರಾರು ಮಾಡಿಕೊಂಡೆವು. ಅವನು ಊರಿಗೆ ಬಂದಾಗಲೆಲ್ಲ ಒಂದು ಕೆಲಸವನ್ನು ಬಾಯಲ್ಲಿ ಹೇಳುವುದು, ನಾನು ಅವನಿಗೆ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ, ಒಂದು ಕಡೆ ಕನ್ನಡ ಒಂದು ಕಡೆ ಉರ್ದುವಿನಲ್ಲಿ ಬರೆಯುವುದು. ಬಾಟಲಿಯ ಮೇಲಿನ ಇಂಗ್ಲಿಷ್ ಪದಗಳನ್ನೂ ಚಿತ್ರದಂತೆ ಬರೆದು ಪಕ್ಕದಲ್ಲಿ ಅರ್ಥ. ಈಗ ಹನ್ನೊಂದು ಹಾಳೆಗಳಾಗಿವೆ. ಮೊದಲನೆಯದು ಬ್ರೇಕಿನದು. ಬ್ರೇಕ್ ಆಯಿಲ್ ಕಣ್ಣಿಗೆ ಬಿದ್ದರೆ ಕೂಡಲೇ ಧಾರಾಳ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು, ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ಬಾಟಲಿಯಿಂದ ಹೊರಬಂದ ಹಳೆಯ ಆಯಿಲನ್ನು ಮತ್ತೆ ಡಬ್ಬಿಗೆ ಹಾಕಬಾರದು ಎಂಬ ಸಾಲುಗಳನ್ನು ಅವನೇ ತನ್ನ ಕೈಯಲ್ಲಿ ಸೇರಿಸಿದ್ದಾನೆ. ಒತ್ತಕ್ಷರ ಎರಡು ಕಡೆ ತಪ್ಪಿದೆ, ತಿದ್ದಿಲ್ಲ. ನಿಮ್ಮ ಮನೆಯ ಗ್ಯಾರೇಜಿನವರಿಗೆ ಬೇಕಿದ್ದರೆ ಹಾಳೆಗಳ ಪ್ರತಿ ಮಾಡಿಸಿ ಕೊಡುತ್ತೇನೆ, ಸಂಘದ ಕಚೇರಿಯಲ್ಲಿ ಹೇಳಿ.

ಮದುವೆಗೆ ಹೋದೆವು. ಹೊರಡುವ ಮುಂಚೆ ಖಾಲಿ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ನಾಲ್ಕಾರು ಸಲ ಬ್ರೇಕ್ ಹಾಕಿಸಿ ನೋಡಿದ. ಆಮೇಲೆ ತುಸು ವೇಗದಲ್ಲಿ. ಬಳಿಕ ನಾಲ್ಕೂ ಚಕ್ರದ ಹಿಂದೆ ಟಾರ್ಚ್ ಬಿಟ್ಟು ಒದ್ದೆ ಇದೆಯೇ ಎಂದು ನೋಡಿ, ಆಯಿಲ್ ಡಬ್ಬಿಯ ಮುಚ್ಚಳ ಬಿಗಿದ. ದೇವಿಮನೆಯಲ್ಲಿ ಎರಡನೇ ಗೇರಿನಲ್ಲೇ ಇಳಿಯಬೇಕು, ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯಬಾರದು ಎಂದು ತಾಕೀತು ಮಾಡಿದ. ನಾನು ಹೂಂ ಎಂದೆ. ತಾಯಿಯವರು ಹಿಂದಿನ ಸೀಟಿನಿಂದ, ‘ಆ ಹುಡುಗ ಹೇಳಿದ್ದು ನೆನಪಿದೆಯಾ?’ ಎಂದು ಘಟ್ಟದುದ್ದಕ್ಕೂ ಕೇಳುತ್ತಲೇ ಇದ್ದರು.